ಗುಂಡು ನಿಲ್ಲುವ ಜಾಗ

ಆ ಹೊಲದ ಬದುವಿನ ಮೇಲೆ ನಿಂತು ಒಂದು ಸುತ್ತು ತಿರುಗಿ ನೋಡಿದಾಗಲೇ, ಇಲ್ಲಿ ನಾನು ಸಿಕ್ಕಿಬೀಳುತ್ತೇನೆ ಎಂದು ಅನ್ನಿಸಿತ್ತು. ಪೂರ್ವಕ್ಕೆ ಹೊಸ ವಿಲ್ಲಾಗಳ ಕಾಂಪೌಂಡ್ ಗೋಡೆ. ಉತ್ತರಕ್ಕೆ ಅರ್ಧ ಎದ್ದು ನಿಂತ ಅಪಾರ್ಟ್‌ಮೆಂಟು, ಅದರ ಬುಡದಲ್ಲಿ ಕಟ್ಟಡದ ಕೂಲಿಗಳ ತಗಡಿನ ಶೆಡ್ಡುಗಳು. ಪಶ್ಚಿಮಕ್ಕೆ ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ. ದಕ್ಷಿಣಕ್ಕೆ ನಾಲಾ, ಅದರ ದಂಡೆಯುದ್ದಕ್ಕೂ ಜಾಲಿ ಪೊದೆ; ಹಂದಿಗಳು ಹಗಲೆಲ್ಲ ಮಲಗುವುದು ಅಲ್ಲಿ. ಈ ನಾಲ್ಕರ ನಡುವೆ ಎರಡು ಎಕರೆ ಗೋವಿನಜೋಳ. ಹೈದರಾಬಾದು ರಿಂಗ್ ರೋಡ್ ದಾಟಿ ಹೊರಗೆ ಹರಿದು ಬಂದು, ಈ ಒಂದು ಹೊಲವನ್ನು ಮಾತ್ರ ನುಂಗುವುದನ್ನು ಮರೆತಿತ್ತು.

ನಾನು ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ ಮಾಡುವವನು. ಬಂದೂಕಿನ ಲೈಸೆನ್ಸಿದೆ, ಅರಣ್ಯ ಇಲಾಖೆಯ ಶೂಟರ್‌ಗಳ ಪಟ್ಟಿಯಲ್ಲಿ ಹೆಸರಿದೆ. ಕಾಡುಹಂದಿ ಬೆಳೆ ಹಾಳುಮಾಡುತ್ತಿದೆ ಎಂದು ಊರಿನವರು ದೂರು ಕೊಟ್ಟರೆ, ಪರವಾನಗಿ ಬರೆದು ನಮ್ಮಂಥ ಯಾರನ್ನಾದರೂ ಕರೆಯುತ್ತಾರೆ. ಹೊಡೆದ ಹಂದಿಯ ಮಾಂಸ ಮುಟ್ಟುವಂತಿಲ್ಲ, ಇಲಾಖೆಯವರ ಎದುರಿಗೇ ಹೂಳಬೇಕು. ಇದರಿಂದ ನಮಗೆ ಸಿಗುವುದು ಪುಣ್ಯವೋ ಪಾಪವೋ ಎಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿಗೂ ಇನ್ನೂ ಒಪ್ಪಂದವಾಗಿಲ್ಲ.

ಜೊತೆಗೆ ಬಂದಿದ್ದವರು ಕಾಕಾ. ರಕ್ತಸಂಬಂಧವೇನಿಲ್ಲ. ಬೇಗಂಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನ ತಂದೆಯ ಪಕ್ಕದ ಮೇಜಿನವರು, ಬೀದರ ಕಡೆಯವರು. ನನಗೆ ಬಂದೂಕು ಹಿಡಿಯುವುದನ್ನು ಕಲಿಸಿದ್ದು ಅವರೇ. ರಿಟೈರಾದ ಮೇಲೆ ಅವರಿಗೆ ಉಳಿದಿರುವ ಚಟಗಳು ಎರಡು: ಅಡಿಕೆ ಮತ್ತು ತಮ್ಮ ಥರ್ಟಿ-ನಾಟ್-ಸಿಕ್ಸ್ ರೈಫಲ್ಲು. ಬಂದೂಕಿನ ಸದ್ದು ಕೇಳಿ ಕೇಳಿ ಕಿವಿ ಮಂದವಾಗಿದೆ, ಆದರೆ ಅದನ್ನು ಹೇಳುವ ಧೈರ್ಯ ಯಾರಿಗೂ ಇಲ್ಲ. ನಮ್ಮಲ್ಲಿ ಒಂದು ಕಟ್ಟಳೆ ಇದೆ: ಜೊತೆಯಲ್ಲಿ ಕೂತರೆ ಮೊದಲ ಗುಂಡು ಹಿರಿಯರದು. ಅವರು ಹೊಡೆದು ತಪ್ಪಿದರೆ, ಇಲ್ಲವೆ ಕೈ ತೋರಿಸಿ ಬಿಟ್ಟುಕೊಟ್ಟರೆ ಮಾತ್ರ ಕಿರಿಯರದು.

ಹೊಲವನ್ನು ಕೌಲಿಗೆ, ಎಂದರೆ ಗುತ್ತಿಗೆಗೆ, ಹಿಡಿದಿದ್ದವಳು ನಾರಾಯಣಪೇಟೆ ಕಡೆಯ ಹೆಂಗಸು. ಬಾಯಿ ತೆರೆದರೆ ನಮ್ಮದೇ ಕನ್ನಡ, ಅದಕ್ಕೇ ಅರಣ್ಯ ಇಲಾಖೆಯ ಸೆಕ್ಷನ್ ಆಫೀಸರು ನನ್ನನ್ನು ಆರಿಸಿದ್ದಿರಬೇಕು. ಹಸಿ ತೆನೆ ಮುರಿದು, ಅಮೀರ್‌ಪೇಟಿನ ಮೆಟ್ರೋ ಕೆಳಗೆ ಬುಟ್ಟಾ ಸುಡುವ ಗಾಡಿಗಳಿಗೆ ಕಳಿಸುವುದು ಅವಳ ವ್ಯವಹಾರ. ವ್ಯವಹಾರ ಚೆನ್ನಾಗಿಯೇ ಇತ್ತು, ಹಂದಿಗಳು ಬರುವವರೆಗೆ. ಎರಡು ವಾರಗಳ ಹಿಂದೆ ಒಂಟಿ ಸಲಗ, ಕೋರೆಯ ಗಂಡುಹಂದಿಯೊಂದು, ಅವಳ ಗಂಡನ ತೊಡೆಯನ್ನು ಸೀಳಿತ್ತು. ಆತ ಗುಡಿಸಲಿನ ಹೊರಸಿನ ಮೇಲೆ ಕಾಲು ಚಾಚಿಕೊಂಡು ಮಲಗಿದ್ದ.

"ನೀವು ಹೊಡೀತೀರೇನ್ರಿ, ಇಲ್ಲೇನ್ರಿ, ಈಗ ಹೇಳಿಬಿಡ್ರಿ," ಎಂದಳು ಅವಳು, ನೀರು ಕೊಡುವ ಮೊದಲೇ. "ಇಲ್ಲಂದ್ರ ನಾ ತಂತಿ ಎಳದು ಕರೆಂಟ ಬಿಡ್ತೀನಿ. ಆಜೂಬಾಜೂದವ್ರು ಎಲ್ಲಾರೂ ಅದನ್ನ ಮಾಡಾಕತ್ತಾರ."

"ಹಂಗ ಮಾಡಬ್ಯಾಡ್ರಿ ಅಕ್ಕಾರ, ಅದು ದೊಡ್ಡ ಗುನ್ಹೆ. ಮಂದಿ ಸಾಯ್ತಾರ," ಎಂದೆ.

"ನನಗ ಗೊತ್ತಿಲ್ಲೇನ್ರಿ? ಗೊತ್ತೈತಿ ಅಂತನ ನಿಮ್ಮನ್ನ ಕರಸೀನಿ."

ನಾಲಾದ ಆಚೆಯ ಬಸ್ತಿಯಿಂದ ಒಂದು ಕಾಲುದಾರಿ ಹೊಲದ ಅಂಚಿನಲ್ಲೇ ಹಾದು ವಿಲ್ಲಾಗಳ ಹಿಂಬಾಗಿಲಿಗೆ ಹೋಗುತ್ತದೆ. ನಸುಕು ಹರಿಯುವ ಹೊತ್ತಿಗೆ ಏಳೆಂಟು ಹೆಂಗಸರು ಅದರ ಮೇಲೆ ಹಾದು ಮನೆಗೆಲಸಕ್ಕೆ ಹೋಗುತ್ತಾರೆ. ಹಂದಿಗಳು ಹೊಲದಿಂದ ಪೊದೆಗೆ ಮರಳುವುದೂ ಅದೇ ಹೊತ್ತಿಗೆ, ಅದೇ ಮೂಲೆಯಿಂದ. ಗುಂಡು ಹೊಡೆದರೂ, ತಂತಿ ಎಳೆದರೂ, ಅದರ ದಾರಿಯಲ್ಲಿ ಬರುವವರು ಆ ಹೆಂಗಸರೇ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ನಾನು ಅಲ್ಲಿ ನಿಂತಿದ್ದೆ.

ಬಂದೂಕು ಯಾವುದು ಎಂಬ ಜಗಳ ಆ ಸಂಜೆ ನಮ್ಮ ಮನೆಯಲ್ಲಿ ಚಹದ ಜೊತೆ ಶುರುವಾಯಿತು. ನನ್ನಲ್ಲಿ ಎರಡಿವೆ. ಒಂದು ತ್ರೀ-ಒನ್-ಫೈವ್ ರೈಫಲ್, ಇನ್ನೊಂದು ತಂದೆಯಿಂದ ಬಂದ ಹನ್ನೆರಡು ಬೋರಿನ ಜೋಡಿ ನಳಿಗೆ. ರೈಫಲ್ಲಿನ ಗುಂಡು ಸಣ್ಣದು, ಆದರೆ ಅದರ ಓಟ ದೊಡ್ಡದು. ತ್ರೀ-ಒನ್-ಫೈವ್ ಗುಂಡು ಹಂದಿಯ ಮೆತ್ತಗಿನ ಜಾಗಕ್ಕೆ ಬಿದ್ದರೆ ಆಚೆ ಹೊರಟು ಊರು ದಾಟುತ್ತದೆ. ಕಾಕಾನ ಥರ್ಟಿ-ನಾಟ್-ಸಿಕ್ಸ್ ಅದರ ಅಣ್ಣ, ಇನ್ನೂ ಬಿರುಸು. ಹನ್ನೆರಡು ಬೋರಿನ ಗುಂಡು ದಪ್ಪ, ಆದರೆ ಬೇಗ ದಣಿಯುತ್ತದೆ. ಹತ್ತಿರದಲ್ಲಿ ಹಂದಿಯನ್ನು ಕೆಡವುತ್ತದೆ, ದೂರ ಹೋದಂತೆ ಗುರಿಯನ್ನೂ ಮರೆತು ಬಲವನ್ನೂ ಕಳೆದುಕೊಂಡು ನೆಲಕ್ಕೆ ಬೀಳುತ್ತದೆ.

"ಹನ್ನೆರಡು ಬೋರ್ ಅಂದ್ರ ಹತ್ತಿರ ಬರೂತನಕಾ ಕಾಯಬೇಕು," ಎಂದರು ಕಾಕಾ. "ಸಲಗ ಐತಿ ಅದು, ನಿನ್ನ ಅಳಿಯ ಅಲ್ಲ, ಕರದ ಕೂಡಲೆ ಹತ್ತಿರ ಬರಾಕ. ಬಂಡಿಗಲ್ಲಿನ ಕಡೆ ಮುಖಾ ಮಾಡಿ ಕೂಡೂಣು. ಮನಿ ಇಲ್ಲ, ಮಂದಿ ಇಲ್ಲ. ಗುಂಡು ಕಲ್ಲಿಗೆ ಬಡದು ಸಾಯ್ತದ."

"ಥರ್ಟಿ-ನಾಟ್-ಸಿಕ್ಸ್ ಅಂದ್ರ ಗುಬ್ಬಿ ಮ್ಯಾಲ ಬ್ರಹ್ಮಾಸ್ತ್ರ ಆಗತದ ಕಾಕಾ."

"ಗುಬ್ಬಿ ಅಲ್ಲಪಾ ಅದು. ಹೋಗಿ ಆ ಹೊರಸಿನ ಮ್ಯಾಲೆ ಮಲಗಿದಾವನ್ನ ಕೇಳು."

ಬಂಡೆಯ ಕಡೆಗೆ ಹೊಡೆದರೆ ಕ್ಷೇಮ ಎಂಬ ಮಾತನ್ನು ನಾನೂ ನಂಬಿದೆ. ಮನೆಗಳ ಕಡೆ ಗುರಿ ಇಡುವುದಕ್ಕಿಂತ ಕಲ್ಲಿನ ಕಡೆ ಇಡುವುದು ಒಳ್ಳೆಯದು ಎನ್ನುವುದು ಮೇಲ್ನೋಟಕ್ಕೆ ಎಷ್ಟು ಸರಿ! ಟೂಲ್‌ರೂಮಿನಲ್ಲಿ ಇಷ್ಟು ವರ್ಷ ಗಟ್ಟಿ ಲೋಹಕ್ಕೆ ಗಟ್ಟಿ ಲೋಹ ಬಡಿದರೆ ಏನಾಗುತ್ತದೆ ಎಂದು ನೋಡಿದವನಿಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಾಕಾನ ಎದುರು ಕೂತಾಗ ನಾನು ಯಾವಾಗಲೂ ಹತ್ತು ವರ್ಷ ಚಿಕ್ಕವನಾಗಿಬಿಡುತ್ತೇನೆ.

ಅಪಾರ್ಟ್‌ಮೆಂಟಿನ ಮೇಸ್ತ್ರಿಯನ್ನು ಕೇಳಿ ಸೆಂಟ್ರಿಂಗಿನ ಕಬ್ಬಿಣದ ಪೈಪುಗಳನ್ನು ತಂದು ಹೊಲದ ಪೂರ್ವದ ಅಂಚಿಗೆ ಅಟ್ಟಣಿಗೆ ಕಟ್ಟಿಸಿದೆವು. ಎರಡು ಆಳೆತ್ತರ. ಮೇಲೆ ಹಲಗೆ, ಹಲಗೆಯ ಮೇಲೆ ಹೊಲದಾಕೆ ಕೊಟ್ಟ ಗೋಣಿಚೀಲ. ಮರುದಿನ ಸಂಜೆ, ಇನ್ನೂ ಬೆಳಕಿರುವಾಗಲೇ ಹತ್ತಿ ಕೂತೆವು. ಸೂರ್ಯ ಬಂಡೆಗಳ ಹಿಂದೆ ಇಳಿಯುವ ಹೊತ್ತಿಗೆ ಜೋಳದ ದಂಟು ಮುರಿಯುವ ಸದ್ದು ಕೇಳಿಸಿತು. ಸಲಗ ಹೊಲದ ಆಚೆಯ ಅಂಚಿನಲ್ಲಿ ಕಾಣಿಸಿಕೊಂಡಿತು. ಬೆನ್ನ ಮೇಲಿನ ಕೂದಲು ಎದ್ದು ನಿಂತಿತ್ತು. ಕಾಕಾ ರೈಫಲ್ ಎತ್ತಿದರು. ಮೊದಲ ಗುಂಡು ಹಿರಿಯರದು.

ಸಿಡಿದ ಸದ್ದಿನ ಬೆನ್ನಿಗೇ ಇನ್ನೊಂದು ಸದ್ದು ಬಂತು, ಹೆದರಿದ ಹಕ್ಕಿ ಚೀರಿದ ಹಾಗೆ. ಅದು ಬಂಡೆಗೆ ಬಡಿದು ದಿಕ್ಕು ಬದಲಿಸಿದ ಗುಂಡು. ಹಂದಿ ಮಾಯವಾಗಿತ್ತು. ಉತ್ತರದ ಕಡೆ, ಕೂಲಿಗಳ ಶೆಡ್ಡಿನ ಪಕ್ಕದ ಕಟ್ಟೆಯ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ನೀರಿನ ಟ್ಯಾಂಕಿನಿಂದ ನೀರು ಚಿಮ್ಮತೊಡಗಿತು.

ಅಟ್ಟಣಿಗೆಯಿಂದ ಇಳಿದು ಅತ್ತ ಓಡಿದೆವು. ಟ್ಯಾಂಕಿನ ಕೆಳಗೆ ಒಬ್ಬಾಕೆ ಪಾತ್ರೆ ತಿಕ್ಕುತ್ತ ಕೂತಿದ್ದಳು. ನೀರು ತಲೆಯ ಮೇಲೆ ಬಿದ್ದಾಗ ಟ್ಯಾಂಕು ಹಳೆಯದಾಗಿ ಬಿರುಕು ಬಿಟ್ಟಿತು ಎಂದುಕೊಂಡು ಮೇಸ್ತ್ರಿಯನ್ನು ಬೈಯುತ್ತಿದ್ದಳು. ತೂತು ಅವಳ ತಲೆಗಿಂತ ಒಂದು ಮೊಳ ಮೇಲಿತ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಕಾಕಾ ಟ್ಯಾಂಕನ್ನು ನೋಡಿದರು, ಬಂಡೆಯನ್ನು ನೋಡಿದರು, ಅಡಿಕೆ ಉಗುಳಿದರು.

"ಯಾರಿಗೂ ಏನೂ ಆಗಿಲ್ಲ," ಎಂದರು. "ಟ್ಯಾಂಕ್ ಹೊಸಾದು ಕೊಡಿಸೂಣು. ಸುಮ್ಮಕ ಹೋಗೂಣು ನಡಿ."

ಸುಮ್ಮನೆ ಹೋಗುವ ದಾರಿ ಇರಲಿಲ್ಲ. ಪರವಾನಗಿ ನನ್ನ ಹೆಸರಿನಲ್ಲಿತ್ತು. ಅಲ್ಲಿಂದಲೇ ಸೆಕ್ಷನ್ ಆಫೀಸರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಆತ ತನ್ನ ಮೋಟಾರ್‌ಸೈಕಲ್ಲಿನಲ್ಲಿ ಬಂದು, ತೂತಿಗೆ ಬೆರಳಿಟ್ಟು ನೋಡಿ, ಮೇಸ್ತ್ರಿಯನ್ನೂ ಆ ಹೆಂಗಸನ್ನೂ ಮಾತಾಡಿಸಿ, ನನ್ನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದ: "ನಿಲ್ಲಿಸುವುದಾದರೆ ಇವತ್ತೇ ನಿಲ್ಲಿಸಿ ಸಾರ್, ನಾನು ಹಾಗೇ ಬರೆಯುತ್ತೇನೆ. ಮುಂದುವರಿಸುವುದಾದರೆ, ಹೇಗೆ ಅಂತ ಮೊದಲು ನನಗೆ ತೋರಿಸಿ." ಒಳ್ಳೆಯ ಮನುಷ್ಯ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಿಲ್ಲಿಸಿಬಿಡಬೇಕೆಂದೇ ನನ್ನ ಮನಸ್ಸು. ಚೀಲ ಕಟ್ಟುತ್ತಿರುವಾಗ ಹೊಲದಾಕೆ ಬಂದಳು. ಅವಳು ಜಗಳವಾಡಲಿಲ್ಲ. ಮೋಟರ್ ಶೆಡ್ಡಿನ ಮೂಲೆಯಲ್ಲಿ ಸುತ್ತಿಟ್ಟಿದ್ದ ಬರಿಯ ತಂತಿಯ ಸಿಂಬಿಯನ್ನು ತೋರಿಸಿದಳು.

"ತಂದಿಟ್ಟೀನ್ರಿ ಅಣ್ಣಾರ. ನೀವು ಹೋಗ್ರಿ. ನಿಮಗರ ಯಾಕ ತ್ರಾಸು."

ನಾನು ಚೀಲ ಬಿಚ್ಚಿದೆ. ಸಿಟ್ಟು ಬಂದಿತ್ತು, ಅವಳ ಮೇಲಲ್ಲ. ನನ್ನ ಕೈಯಲ್ಲಿ ಬಂದೂಕಿದ್ದರೂ ಕುತ್ತಿಗೆ ಇನ್ನೊಬ್ಬರ ಕೈಯಲ್ಲಿತ್ತು.

ಮುಂದಿನ ಎರಡು ದಿನ ರಜೆ ಹಾಕಿ ಶೂಟಿಂಗ್ ರೇಂಜಿಗೆ ಹೋದೆ. ಅಟ್ಟಣಿಗೆಯಿಂದ ಹಂದಿಗೆ ಎಷ್ಟು ದೂರವಾಗಬಹುದೋ ಅಷ್ಟು ದೂರಕ್ಕೆ ಕಂದು ಕಾಗದ ಕಟ್ಟಿ, ಅದರ ಮೇಲೆ ಊಟದ ತಟ್ಟೆ ಇಟ್ಟು ಗೆರೆ ಎಳೆದೆ. ಹಂದಿಯ ಹೃದಯ, ಶ್ವಾಸಕೋಶ ಎರಡೂ ಸೇರಿ ಸುಮಾರು ಅಷ್ಟೇ ಜಾಗ. ಮೊದಲು ಎಲ್‌ಜಿ ತೋಟೆ ಹೊಡೆದೆ. ಅದರೊಳಗೆ ದಪ್ಪ ಬಟಾಣಿಯಂಥ ಕೆಲವು ಸೀಸದ ಗುಂಡುಗಳಿರುತ್ತವೆ. ಒಂದೆರಡು ತಟ್ಟೆಯೊಳಗೆ ಬಿದ್ದವು, ಉಳಿದವು ಅತ್ತಿತ್ತ ಚದುರಿದವು. ಚದುರಿದ್ದೆಲ್ಲ ಹಂದಿಯ ಹೊಟ್ಟೆಗೆ ಗಾಯ ಅಥವಾ ಕಾಲುದಾರಿಗೆ ಗುಂಡು. ಅದನ್ನು ಬಿಟ್ಟೆ. ಆಮೇಲೆ ಒಂಟಿ ಗುಂಡಿನ ತೋಟೆ, ಬಾಲ್ ಅನ್ನುತ್ತೇವೆ. ಬಲ ನಳಿಗೆಯಿಂದ ಹೊಡೆದದ್ದು ಪ್ರತಿ ಸಲವೂ ತಟ್ಟೆಯೊಳಗೇ ಕೂತಿತು. ಎಡ ನಳಿಗೆ ಸ್ವಲ್ಪ ಮೇಲಕ್ಕೆ ಎಳೆಯಿತು. ಸರಿ, ಬಲ ನಳಿಗೆ ಮಾತ್ರ.

ಇಷ್ಟಾದರೂ ಗುಂಡು ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ಹಾಗೇ ಇತ್ತು. ಹನ್ನೆರಡು ಬೋರ್ ಆದರೇನು, ಕಲ್ಲಿಗೆ ತಾಗಿದರೆ ಅದೂ ಹಾರುತ್ತದೆ. ನಿಲ್ಲಿಸಬಲ್ಲದ್ದು ಮಣ್ಣು ಒಂದೇ. ಮಣ್ಣಿಗೇ ಹೊಡೆಯಬೇಕಾದರೆ ಮೇಲಿನಿಂದ ಕೆಳಕ್ಕೆ ಹೊಡೆಯಬೇಕು. ಹಂದಿ ಹೆಚ್ಚುಕಡಿಮೆ ನನ್ನ ಕಾಲ ಬುಡದಲ್ಲೇ ಇರಬೇಕು. ಅಟ್ಟಣಿಗೆಯನ್ನು ಬಿಚ್ಚಿಸಿ, ಕಲ್ಲಿಲ್ಲದ ಕಪ್ಪುಮಣ್ಣಿನ ನಡು ಹೊಲದಲ್ಲಿ ಇನ್ನೂ ಒಂದಾಳು ಎತ್ತರಕ್ಕೆ ಮತ್ತೆ ಕಟ್ಟಿಸಿದೆ. ಸುತ್ತ ದಂಟು ಕೊಯ್ಯಿಸಿ, ಮಣ್ಣು ಸಡಿಲಿಸಿ ನೀರು ಬಿಡಿಸಿದೆ. ಅಂಗಳದಲ್ಲಿ ರಂಗೋಲಿ ಹಾಕುವ ಮುಗ್ಗಿನ ಪುಡಿಯನ್ನು ಹೊಲದಾಕೆಯಿಂದ ಕೇಳಿ ತಂದು ಅಟ್ಟಣಿಗೆಯ ಸುತ್ತ ಒಂದು ದೊಡ್ಡ ವೃತ್ತ ಎಳೆದೆ. ಒಳಗೆ ತೆನೆ, ಬೆಲ್ಲ ಕಲಸಿದ ತೌಡು. ಹಂದಿ ಗೆರೆಯ ಒಳಗಿದ್ದರೆ ಹೊಡೆಯುವುದು. ಒಂದು ಮೊಳ ಹೊರಗಿದ್ದರೂ ಹೊಡೆಯುವಂತಿಲ್ಲ. ಸೆಕ್ಷನ್ ಆಫೀಸರು ಮೇಲೆ ಹತ್ತಿ ನೋಡಿ ಒಪ್ಪಿಕೊಂಡ.

ಒಪ್ಪದವರು ಕಾಕಾ. ಒಂದೇ ಬಂದೂಕು, ಒಬ್ಬನೇ ಮನುಷ್ಯ ಮೇಲೆ ಎಂದು ಹೇಳಿದಾಗಲೇ ಅವರ ಮುಖ ಕಪ್ಪಿಟ್ಟಿತು.

"ಮತ್ತ ನಾ ಏನ ಮಾಡ್ಲಿ? ಕೆಳಗ ಕುಂತು ತೆನಿ ಸುಡ್ಲೇನು?"

"ಕಾಲುದಾರಿ ಮ್ಯಾಲ ನಿಂದರಬೇಕು ಕಾಕಾ. ಹೆಣ್ಮಕ್ಕಳನ್ನ ತಡೀಬೇಕು. ನಾ ಸೀಟಿ ಊದೂತನಕಾ ಯಾರನ್ನೂ ಬಿಡಬಾರದು."

"ಅಂದ್ರ ಗೇಟಮನ್. ನಲವತ್ತ ವರ್ಷ ಬಂದೂಕ ಹಿಡದಾವನ್ನ ಗೇಟಮನ್ ಮಾಡಿದಿ."

ಅವರು ಹೇಳಿದ್ದು ಸುಳ್ಳಲ್ಲ. ಆದರೂ ಹೇಳಿದೆ, "ನಿಮ್ಮ ರೈಫಲ್ ಹೊಲದಾಗ ಬರಬಾರದು ಕಾಕಾ. ಇದು ಒಂದ ಸಲ ನನ್ನ ಮಾತು ಕೇಳ್ರಿ." ಅವರ ಮುಂದೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಅಡಿಕೆ ಉಗುಳಿದರು. ಕೊನೆಗೆ "ಸೀಟಿ ಜೋರ ಊದು, ನನಗ ಕೇಳಸಬೇಕು," ಎಂದಷ್ಟೇ ಹೇಳಿದರು. ಕಿವಿ ಮಂದವಾದದ್ದನ್ನು ಅವರು ಒಪ್ಪಿಕೊಂಡದ್ದೂ ಅದೇ ಮೊದಲು.

ಹೊಲದಾಕೆಗೂ ನಿಯಮ ಹೇಳಿದೆ. ನಸುಕಿಗೆ ಮುಂಚೆ ನಾನು ಮೇಲೆ ಹತ್ತುತ್ತೇನೆ. ಅಲ್ಲಿಂದ ಸೀಟಿ ಕೇಳುವವರೆಗೆ ಅವಳಾಗಲಿ, ಗಂಡನಾಗಲಿ ಗುಡಿಸಲಿನಿಂದ ಹೊರಗೆ ಕಾಲಿಡಬಾರದು. ಏನೇ ಆಗಲಿ. ಎರಡು ಸಲ ಹೇಳಿದೆ, ಅವಳಿಂದ ಒಂದು ಸಲ ಹೇಳಿಸಿದೆ. ಅವಳು ಹೇಳಿದಳು, ಆದರೆ ಕಣ್ಣು ನನ್ನ ಜೋಡಿ ನಳಿಗೆಯ ಮೇಲಿತ್ತು.

"ಆ ದೊಡ್ಡದು ಎಲ್ಲೈತ್ರಿ? ಯಜಮಾನ್ರದು?"

"ಅದು ಬ್ಯಾಡ. ಇದು ಸಾಕು."

"ಇದರಾಗ ನಮ್ಮಪ್ಪ ಬೆಳ್ಳಕ್ಕಿ ಓಡಸ್ತಿದ್ದ್ರಿ," ಎಂದಳು. ನಗಲಿಲ್ಲ.

ಮೊದಲ ನಸುಕಿನಲ್ಲಿ ಏನೂ ಆಗಲಿಲ್ಲ. ಸಲಗ ಬಂದಿತು, ಮುಗ್ಗಿನ ಗೆರೆಯ ಹೊರಗೇ ಸುತ್ತಾಡಿತು, ಮೂಗೆತ್ತಿ ಗಾಳಿ ನೋಡಿ ಮರಳಿತು. ಕಾಲುದಾರಿಯಲ್ಲಿ ಕಾಕಾ ಹೆಂಗಸರಿಂದ ಉಗಿಸಿಕೊಳ್ಳುತ್ತಿರುವುದು ಅಲ್ಲಿಗೇ ಕೇಳುತ್ತಿತ್ತು. ತಡವಾದರೆ ಅಮ್ಮಾವರು ಬಾಗಿಲು ತೆಗೆಯುವುದಿಲ್ಲವಂತೆ. ಸೀಟಿ ಊದಿ ಇಳಿದು ಬಂದಾಗ ಹೊಲದಾಕೆ ಮುರಿದ ದಂಟುಗಳ ನಡುವೆ ನಿಂತಿದ್ದಳು.

"ಇಷ್ಟ ಹತ್ತಿರ ಬಂದಿತ್ತಲ್ರಿ. ಯಾಕ ಹೊಡೀಲಿಲ್ಲ?"

"ಗೆರೀ ಒಳಗ ಬರಲಿಲ್ಲ ಅಕ್ಕಾರ."

"ಹಂದೀಗೆ ಗೆರಿ ಗೊತ್ತಾಗತೈತೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಅವಳ ನಂಬಿಕೆ ಅಲ್ಲಿಗೆ ಹೋಯಿತು ಎಂದು ನನಗೆ ತಿಳಿಯಬೇಕಿತ್ತು. ಬಂದೂಕು, ಗೆರೆ, ತೌಡು ಇವುಗಳ ಲೆಕ್ಕದಲ್ಲಿ ಮುಳುಗಿದ್ದ ನನಗೆ ಅವಳ ಮುಖ ನೋಡುವಷ್ಟು ಪುರುಸೊತ್ತಿರಲಿಲ್ಲ.

ಎರಡನೆಯ ನಸುಕು. ಕಾಕಾ ಬಸ್ತಿಯ ಕಡೆಯಿಂದ ಸುತ್ತಿ ಕಾಲುದಾರಿಗೆ ಹೋದರು; ನಾನು ರಸ್ತೆಯ ಕಡೆಯಿಂದ ಬಂದು ಅಟ್ಟಣಿಗೆ ಹತ್ತಿದೆ. ಫೋನನ್ನು ಸದ್ದಿಲ್ಲದಂತೆ ಮಾಡಿ ಚೀಲದೊಳಗೆ ಹಾಕಿದೆ. ಬೆಳಕು ಬಿಡುವ ಹೊತ್ತಿಗೆ ಬಂಡೆಗಳ ಕಡೆಯಿಂದ ಸಲಗ ಬಂತು. ಈ ಸಲ ನೇರವಾಗಿ ತೌಡಿನ ಕಡೆಗೇ. ಗೆರೆಯ ಹತ್ತಿರ ಬಂದು ನಿಂತಿತು. ಅದರ ಭುಜ ಕಾಣುತ್ತಿತ್ತು, ಉಸಿರು ಕೇಳುತ್ತಿತ್ತು. ಬಲ ನಳಿಗೆಯ ಕುದುರೆಯ ಮೇಲೆ ನನ್ನ ಬೆರಳಿತ್ತು. ಒಂದು ಹೆಜ್ಜೆ ಒಳಗಿಟ್ಟಿದ್ದರೆ ಸಾಕಿತ್ತು. ಅಷ್ಟರಲ್ಲಿ ಕಾಲುದಾರಿಯ ಕಡೆಯಿಂದ ಹೆಂಗಸರ ಗದ್ದಲ ಎದ್ದಿತು. ಅವತ್ತು ಅವರು ಬೇಗ ಬಂದಿದ್ದರು, ಹಿಂದಿನ ದಿನ ತಡವಾದ ಕಾರಣಕ್ಕೇ. ಹಂದಿ ಕಿವಿ ನಿಮಿರಿಸಿ ತಿರುಗಿತು. ಗೆರೆಯ ಹೊರಗೆ, ಅದರ ಇಡೀ ಪಕ್ಕೆ ನನಗೆ ಎದುರಾಗಿತ್ತು. ಇಷ್ಟು ಸುಲಭದ ಗುರಿ ನನಗೆ ಜೀವನದಲ್ಲಿ ಸಿಕ್ಕಿಲ್ಲ. ಆದರೆ ಗುಂಡು ಹೋಗುವ ದಿಕ್ಕಿಗೆ ಕಾಲುದಾರಿ ಇತ್ತು. ನಾನು ಹೊಡೆಯಲಿಲ್ಲ.

ಅದು ನಾಲಾದ ಮೂಲೆಗೆ ಓಡಿತು. ಕಾಲುದಾರಿ ಹೊಲವನ್ನು ಸೇರುವ ಜಾಗದಲ್ಲಿ ನೀಲಿ ಬೆಳಕೊಂದು ಚಟ್ಟನೆ ಸಿಡಿಯಿತು. ಹಂದಿ ಒಮ್ಮೆ ಕಿರುಚಿ ಬಿತ್ತು. ಮೈ ಅದಿರುತ್ತಲೇ ಇತ್ತು. ಕೂದಲು ಸುಟ್ಟ ವಾಸನೆ ನನ್ನವರೆಗೂ ಬಂತು.

ಏನಾಯಿತೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಬೆಳಕು ಹೆಚ್ಚಾದಂತೆ ಕಂಡಿತು: ಮೊಣಕಾಲೆತ್ತರಕ್ಕೆ ಬಿದಿರಿನ ಗೂಟ, ಗೂಟದಿಂದ ಗೂಟಕ್ಕೆ ಬರಿಯ ತಂತಿ, ಕಾಲುದಾರಿಯ ಬಾಯಿಗೆ ಅಡ್ಡಲಾಗಿ. ಅದು ಇನ್ನೂ ಎಲ್ಲೆಲ್ಲಿ ಹಾದಿದೆಯೋ ಗೊತ್ತಿಲ್ಲ. ದಂಟುಗಳ ಒಳಗೆ, ನನ್ನ ಬುಡದಲ್ಲೇ ಇರಬಹುದು. ಕೂತದ್ದು ಕಬ್ಬಿಣದ ಪೈಪಿನ ಮೇಲೆ. ಕೆಳಗೆ ನಾನೇ ನೀರು ಬಿಡಿಸಿ ನೆನೆಸಿದ ಮಣ್ಣು. ಇಳಿಯುವಂತಿಲ್ಲ. ತಂತಿಯ ಆಚೆ, ಒಂದು ಗಾಡಿಯುದ್ದ ದೂರದಲ್ಲಿ, ಕೈ ಅಗಲಿಸಿ ನಿಂತ ಕಾಕಾ. ಅವರ ಮುಂದೆ ಹೆಂಗಸರು; ಸಿಡಿದದ್ದು ನನ್ನ ಬಂದೂಕೇ ಎಂದು ಅವರು ತಿಳಿದಿರಬೇಕು. ಕಾಕಾನ ಬೆನ್ನು ಹೊಲದ ಕಡೆಗಿತ್ತು. ಅವರು ಬೆಳಕು ನೋಡಿರಲಿಲ್ಲ, ಆ ಸದ್ದೂ ಅವರ ಕಿವಿಗೆ ಬಿದ್ದಿರಲಿಲ್ಲ.

ಕೈ ತಾನಾಗಿಯೇ ಕೊರಳಿನ ಸೀಟಿಗೆ ಹೋಯಿತು. ತುಟಿಗೆ ತಾಗಿದ ಮೇಲೆ ನೆನಪಾಯಿತು: ಸೀಟಿ ಎಂದರೆ ದಾರಿ ಬಿಡು ಎಂದು ನಾನೇ ಹೇಳಿದ್ದೇನೆ. ನಾನು ಸೀಟಿಯನ್ನು ಬಾಯಿಂದ ಕಿತ್ತು ಅಂಗಿಯೊಳಗೆ ತುರುಕಿದೆ. "ಕಾಕಾ, ಬಿಡಬ್ಯಾಡ್ರಿ!" ಎಂದು ಕೂಗಿದೆ. ಅವರು ತಿರುಗಲಿಲ್ಲ. ಹೆಂಗಸೊಬ್ಬಳು ಅವರ ಕೈ ಸರಿಸಿ ಮುಂದೆ ಬರಲು ನೋಡಿದಳು.

ಚೀಲದಿಂದ ಫೋನ್ ತೆಗೆದೆ. ಪರದೆಯ ತುಂಬ ಹೊಲದಾಕೆಯದೇ ಕರೆಗಳು, ನಾನು ಮೇಲೆ ಹತ್ತಿದ ಹೊತ್ತಿನಿಂದ. ತಿರುಗಿ ಹಚ್ಚಿದೆ. ಅರೆಗಳಿಗೆಯಲ್ಲಿ ಎತ್ತಿದಳು.

"ಕರೆಂಟ ತಗೀರಿ!"

"ಅಣ್ಣಾರ, ಸ್ಟಾರ್ಟರ್ ಮೋಟರ ಶೆಡ್ಡಿನ್ಯಾಗ ಐತ್ರಿ." ಅವಳು ಅಳುತ್ತಿದ್ದಳು. "ನಸಕಿನ್ಯಾಗ ತಗದಬಿಡಬೇಕಂತ ಮಾಡಿದ್ದೆ. ನೀವು ಮ್ಯಾಲ ಹತ್ತಿಬಿಟ್ರಿ. ಸೀಟಿ ಊದೂತನಕಾ ಹೊರಗ ಬರಬ್ಯಾಡ ಅಂದಿದ್ರಿ. ಎಷ್ಟ ಫೋನ್ ಮಾಡೀನ್ರಿ, ಎಷ್ಟ ಫೋನ್ ಮಾಡೀನಿ..."

"ಬಂದೂಕ ಬಿಚ್ಚೀನಿ, ಗುಂಡು ತಗದು ಕೈಯಾಗ ಹಿಡದೀನಿ. ಓಡ್ರಿ!"

ಅವಳು ಓಡಿದಳು. ಗುಡಿಸಲಿನಿಂದ ಶೆಡ್ಡಿಗೆ ಇರುವ ಬಯಲನ್ನು ದಾಟುವಾಗ ಎರಡೂ ಕೈ ಮೇಲೆತ್ತಿಕೊಂಡಿದ್ದಳು, ನಾನು ಎಲ್ಲಿ ಹೊಡೆದುಬಿಡುತ್ತೇನೋ ಎಂದು. ಆ ಓಟವನ್ನು ಮೇಲಿನಿಂದ ನೋಡುತ್ತ ಕೂತಿರುವುದಷ್ಟೇ ನನ್ನ ಪಾಲಿಗೆ ಬಂದದ್ದು. ಕಾಲುದಾರಿಯಲ್ಲಿ ಕಾಕಾ ಕೈ ಇಳಿಸಿರಲಿಲ್ಲ. ಹೆಂಗಸರು ಅವರ ವಯಸ್ಸು, ವಂಶ ಎಲ್ಲವನ್ನೂ ಎಳೆದು ಬೈಯುತ್ತಿದ್ದರು. ಅವರು ಒಂದೇ ಮಾತನ್ನು ಹೇಳುತ್ತಿದ್ದರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ: ಸೀಟಿ ಕೇಳಿಲ್ಲ, ಬಿಡುವುದಿಲ್ಲ.

ಹಂದಿಯ ಮೈ ಅದಿರುವುದು ನಿಂತಿತು. ಶೆಡ್ಡಿನಿಂದ ಅವಳು ಹೊರಗೆ ಬಂದು ಕೈ ಬೀಸಿದಳು. ಆದರೂ ನಾನು ಒಣ ಹಲಗೆಯೊಂದನ್ನು ಕೆಳಗೆ ಹಾಕಿ, ಪೈಪು ಮತ್ತು ನೆಲ ಒಟ್ಟಿಗೆ ತಾಗದಂತೆ ಅದರ ಮೇಲೆ ಜಿಗಿದೆ. ಮೊಣಕಾಲು ಉಳುಕಿತು.

ತಂತಿಯನ್ನು ನೋಡಿದ ಮೇಲೆ ಹೆಂಗಸರ ಬೈಗುಳ ನಿಂತಿತು. ಕಾಕಾ ತಂತಿಯ ಈಚೆಗೆ ಬಂದು, ಸತ್ತ ಹಂದಿಯನ್ನು ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು. "ಆಫೀಸರ್ ಬರೂದರೊಳಗ ಇದಕ್ಕೊಂದು ಗುಂಡು ಹಾಕಿಬಿಡು. ಇಲ್ಲಂದ್ರ ಈ ಹೆಣ್ಣಮಗಳು ಒಳಗ ಹೋಗ್ತಾಳ." ಮತ್ತೆ ನೆಟ್ಟಗಾಗಿ, "ಈಗ ಯಾವ ಬಂದೂಕಾದ್ರೂ ನಡೀತದ," ಎಂದರು. ಅದು ಕುಹಕವಾಗಿರಲಿಲ್ಲ.

ಹಾಕುವುದು ಸುಲಭವಿತ್ತು. ಎರಡು ಹೆಜ್ಜೆ ದೂರ, ಕೆಳಗೆ ಮೆತ್ತನೆಯ ಮಣ್ಣು, ಗುಂಡು ಎಲ್ಲೂ ಹೋಗುವುದಿಲ್ಲ. ನಾನು ಅವಳ ಕಡೆ ನೋಡಿದೆ, ಆ ಹೆಂಗಸರ ಕಡೆ ನೋಡಿದೆ. ನಾನು ಮುಚ್ಚಿಹಾಕಿದರೆ ತಂತಿ ಶೆಡ್ಡಿನ ಮೂಲೆಗೆ ಮರಳಿ ಹೋಗುತ್ತದೆ. ತೋಟೆಗಳನ್ನು ಜೇಬಿಗೆ ಹಾಕಿಕೊಂಡೆ. ಸೆಕ್ಷನ್ ಆಫೀಸರು ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ, ಅವಳನ್ನು ಒಳಗೆ ಕೂಡಿಹಾಕಿದ ನಿಯಮ ನನ್ನದೇ ಎಂಬುದನ್ನೂ ಸೇರಿಸಿ. ಆತ ತಂತಿ ವಶಪಡಿಸಿಕೊಂಡ, ಅವಳ ಮೇಲೆ ಕೇಸು ಬರೆದ. ಗಂಡ ಹಾಸಿಗೆ ಹಿಡಿದಿರುವುದನ್ನು ನೋಡಿ ಆ ದಿನ ಕರೆದುಕೊಂಡು ಹೋಗಲಿಲ್ಲ, ಕರೆದಾಗ ಬರಬೇಕೆಂದು ಹೇಳಿ ಹೋದ. ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಹಂದಿಯನ್ನು ಹೂತೆವು. ಮೊದಲ ಸಲಿಕೆ ಮಣ್ಣು ಹಾಕಿದ್ದು ಅವಳೇ.

ಅವಳು ನನ್ನ ಜೊತೆ ಮಾತಾಡಲಿಕ್ಕಿಲ್ಲ ಎಂದುಕೊಂಡಿದ್ದೆ. ಮಾತಾಡದಿದ್ದರೆ ಚೆನ್ನಾಗಿತ್ತು ಎಂದೂ ಅಂದುಕೊಂಡಿದ್ದೆ. ಸಣ್ಣ ಬಂದೂಕು ಆರಿಸಿದ್ದಕ್ಕೇ ಅವಳ ನಂಬಿಕೆ ಹೋಗಿ ತಂತಿ ಬಂತು. ಸಣ್ಣ ಬಂದೂಕು ಆರಿಸಿದ್ದಕ್ಕೇ ಕಾಕಾ ಕಾಲುದಾರಿಯಲ್ಲಿದ್ದು ಆ ಹೆಂಗಸರನ್ನು ತಡೆದರು. ಎರಡೂ ನಿಜ, ಒಂದನ್ನು ಇನ್ನೊಂದರಿಂದ ಕಳೆಯಲು ನನಗೆ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಸಲಿಕೆ ತೊಳೆದಿಟ್ಟು ಅವಳು ನನ್ನ ಎದುರು ಬಂದು ನಿಂತಳು.

"ಪೊದಿ ಒಳಗ ಇನ್ನೂ ಅದಾವ್ರಿ. ನಾಳೆ ಬರ್ತಾವ. ಈಗ ನನ್ನ ಹತ್ತಿರ ತಂತೀನೂ ಇಲ್ಲ."

"ನಾನೂ ಬರ್ತೀನಿ ಅಕ್ಕಾರ," ಎಂದೆ. "ಪರವಾನಗಿ ಇರೂತನಕಾ ಬರ್ತೀನಿ. ಆದರ ಬಂದೂಕು ಇದ. ಸಣ್ಣದು."

ಅವಳು ಕಾಲುದಾರಿಯ ಕಡೆ ನೋಡಿದಳು. ಅಲ್ಲಿ ಕಾಕಾ ಕಲ್ಲಿನ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

"ಯಾವದರ ತರ್ರಿ," ಎಂದಳು. "ಯಜಮಾನ್ರನ್ನ ಮಾತ್ರ ಬಿಟ್ಟ ಬರಬ್ಯಾಡ್ರಿ."